ದಾವಣಗೆರೆ, ಚಿತ್ರದುರ್ಗ ಕಡೆಯಿಂದ ಮಂಗಳೂರಿಗೆ ಮನೆ ಬದಲಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ, ಹರಿಹರ, ಚಿತ್ರದುರ್ಗ, ಚಳ್ಳಕೆರೆ ಕಡೆಯಿಂದ ಕೆಲಸಕ್ಕೋ, ವರ್ಗಾವಣೆಗೋ, ಮಕ್ಕಳ ಓದಿಗೋ ಮಂಗಳೂರಿಗೆ ಹೊರಟವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇವೆ. ಒಂದೇ ರಾಜ್ಯ, ರಾತ್ರಿ ಬಸ್ಸು ಹತ್ತಿದರೆ ಬೆಳಗಾಗುವುದರೊಳಗೆ ಊರು. ಆದರೂ ಮೊದಲ ವರ್ಷ ಬಹಳ ಮನೆಗಳು ಒದ್ದಾಡುತ್ತವೆ, ಅದೂ ಹೆಚ್ಚಾಗಿ ತೇವದ ಕೈಯಲ್ಲಿ. ಬಯಲುಸೀಮೆಯ ಒಣಹವೆಯಲ್ಲಿ ಕಲಿತ ಮನೆವಾರ್ತೆಯ ರೂಢಿಗಳಲ್ಲಿ ಅರ್ಧದಷ್ಟು ಘಟ್ಟದ ಕೆಳಗೆ ನಡೆಯುವುದಿಲ್ಲ. ಯಾವುದು ನಡೆಯುವುದಿಲ್ಲ, ಯಾಕೆ, ಬದಲಿಗೆ ಏನು ಮಾಡಬೇಕು ಎಂಬುದನ್ನು ನೋಡೋಣ.

ಯಾವ ತಿಂಗಳಲ್ಲಿ ಸಾಮಾನು ಸಾಗಿಸುವುದು ಒಳ್ಳೆಯದು?

ನವೆಂಬರ್‌ನಿಂದ ಏಪ್ರಿಲ್‌ವರೆಗೆ ಯಾವಾಗಲಾದರೂ ಆದೀತು. ಶಾಲೆಯ ಕಾರಣಕ್ಕೆ ಮೇ ತಿಂಗಳೇ ಬೇಕೆಂದರೆ 20ರೊಳಗೆ ಮುಗಿಸಿ. ಜೂನ್ ಮೊದಲ ವಾರ ಮಳೆ ಹಿಡಿದರೆ ಲಾರಿಯಿಂದ ಮನೆಯೊಳಗೆ ಹಾಸಿಗೆ ಇಳಿಸುವ ಹತ್ತು ನಿಮಿಷದಲ್ಲೇ ಹತ್ತಿ ನೆನೆಯುತ್ತದೆ. ನೆನೆದ ಹತ್ತಿ ಹಾಸಿಗೆ ಅಲ್ಲಿ ಅಕ್ಟೋಬರ್‌ವರೆಗೆ ಒಣಗುವುದಿಲ್ಲ. ಅದನ್ನು ಎಸೆಯುವುದೊಂದೇ ದಾರಿ.

ಮಳೆಯ ಲೆಕ್ಕ ಮೊದಲೇ ತಲೆಯಲ್ಲಿರಲಿ. ಚಿತ್ರದುರ್ಗದಲ್ಲಿ ವರ್ಷಪೂರ್ತಿ ಬೀಳುವುದು 600 ಮಿ.ಮೀ. ಆಸುಪಾಸು. ಮಂಗಳೂರಿನಲ್ಲಿ 3,500 ಮಿ.ಮೀ. ದಾಟುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ ಒಳಗೆ. ನಮ್ಮ ಒಂದು ವರ್ಷದ ಮಳೆಗಿಂತ ಅಲ್ಲಿನ ಜುಲೈ ತಿಂಗಳೊಂದರ ಮಳೆ ಜಾಸ್ತಿ.

ಯಾವ ಘಟ್ಟದ ದಾರಿಯಲ್ಲಿ ಹೋಗಬೇಕು?

ಕಾರು, ಬೈಕಾದರೆ ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ, ಉಡುಪಿ ದಾರಿ ಹತ್ತಿರ. ಸಾಮಾನಿನ ಲಾರಿಯನ್ನು ಆಗುಂಬೆಗೆ ಬಿಡಬೇಡಿ. ಆ ತಿರುವುಗಳು ಉದ್ದನೆಯ ವಾಹನಕ್ಕೆ ಹೇಳಿದ್ದಲ್ಲ, ಮಳೆಗಾಲದಲ್ಲಿ ಭಾರಿ ವಾಹನಗಳಿಗೆ ನಿರ್ಬಂಧವೂ ಬೀಳುತ್ತದೆ. ಲಾರಿಗೆ ಹಾಸನ, ಸಕಲೇಶಪುರ, ಶಿರಾಡಿ ದಾರಿಯೇ ಸರಿ. ಸುತ್ತು ಹೆಚ್ಚಾದರೂ ಸಾಮಾನು ಗಟ್ಟಿಯಾಗಿ ತಲುಪುತ್ತದೆ. ಮಳೆಗಾಲದಲ್ಲಿ ಶಿರಾಡಿ, ಚಾರ್ಮಾಡಿ ಎರಡರಲ್ಲೂ ಗುಡ್ಡ ಕುಸಿಯುವುದುಂಟು. ಹೊರಡುವ ಹಿಂದಿನ ಸಂಜೆ ಯಾವ ಘಟ್ಟ ತೆರೆದಿದೆ ಎಂದು ವಿಚಾರಿಸಿಯೇ ಲಾರಿ ಹತ್ತಿಸಿ.

ರೈಲಿನಲ್ಲಿ ಬರುವವರಿಗೆ ವಿಜಯಪುರದಿಂದ ಮಂಗಳೂರಿಗೆ ಹೋಗುವ ಎಕ್ಸ್‌ಪ್ರೆಸ್ ಹುಬ್ಬಳ್ಳಿ, ದಾವಣಗೆರೆ, ಅರಸೀಕೆರೆ, ಹಾಸನದ ಮೇಲೆ ಹಾಯುತ್ತದೆ. ಚಿತ್ರದುರ್ಗದವರು ದಾವಣಗೆರೆಗೆ ಬಂದು ಹತ್ತುವುದು ಸಲೀಸು. ಇದೂ ಘಟ್ಟ ಇಳಿಯುವ ಹಳಿಯೇ. 2018 ಮತ್ತು 2024ರ ಮಳೆಗಾಲದಲ್ಲಿ ಸಕಲೇಶಪುರ–ಸುಬ್ರಹ್ಮಣ್ಯ ನಡುವೆ ಗುಡ್ಡ ಕುಸಿದು ರೈಲು ಹಲವು ದಿನ ನಿಂತಿತ್ತು. ಪರೀಕ್ಷೆ, ಸಂದರ್ಶನ ಇರುವವರು ಜುಲೈ–ಆಗಸ್ಟ್‌ನಲ್ಲಿ ಒಂದು ದಿನ ಮುಂಚೆಯೇ ಹೊರಡಲಿ.

ಊರಿಂದ ಏನು ಒಯ್ಯಬೇಕು, ಏನು ಬಿಟ್ಟು ಹೋಗಬೇಕು?

ಮೊದಲು ಏರ್ ಕೂಲರ್ ಮಾರಿಬಿಡಿ. ದಾವಣಗೆರೆಯ ಏಪ್ರಿಲ್‌ನಲ್ಲಿ ಅದು ಮನೆಯನ್ನು ತಣ್ಣಗಿಡುತ್ತದೆ, ಯಾಕೆಂದರೆ ಒಣಗಾಳಿಯಲ್ಲಿ ನೀರು ಬೇಗ ಆವಿಯಾಗಿ ಶಾಖ ಎಳೆದುಕೊಳ್ಳುತ್ತದೆ. ಮಂಗಳೂರಿನ ಗಾಳಿಯಲ್ಲಿ ತೇವ ಮೊದಲೇ ತುಂಬಿರುತ್ತದೆ. ಕೂಲರ್ ಹಾಕಿದರೆ ಕೋಣೆಗೆ ಇನ್ನಷ್ಟು ತೇವ ಸೇರಿ ಮೈ ಅಂಟು ಅಂಟಾಗುತ್ತದೆಯೇ ಹೊರತು ತಂಪಾಗುವುದಿಲ್ಲ. ಅಲ್ಲಿ ನಡೆಯುವುದು ಫ್ಯಾನು, ಎದುರುಬದುರು ಕಿಟಕಿ, ಕೈಲಾದರೆ ಎ.ಸಿ.

ಕಂಬಳಿ ಒಂದಕ್ಕಿಂತ ಹೆಚ್ಚು ಬೇಡ. ಚಳ್ಳಕೆರೆ ಕಂಬಳಿ ಮಳೆಗಾಲದ ತೇವ ಹೀರಿ ಜುಲೈಯಲ್ಲಿ ಕುರಿದೊಡ್ಡಿಯ ವಾಸನೆ ಬರುತ್ತದೆ, ಹೊದೆಯುವಷ್ಟು ಚಳಿಯೂ ಅಲ್ಲಿಲ್ಲ. ಚರ್ಮದ ಚಪ್ಪಲಿ, ಬೆಲ್ಟು, ಬ್ಯಾಗಿಗೆ ಹದಿನೈದೇ ದಿನಕ್ಕೆ ಬಿಳಿ ಬೂಷ್ಟು ಬರುತ್ತದೆ. ಪ್ಲೈವುಡ್ ಕಪಾಟು ಉಬ್ಬುತ್ತದೆ. ಕಬ್ಬಿಣದ ಬೀರು ಒಯ್ಯಬಹುದು. ಕಾಲುಗಳ ಕೆಳಗೆ ರಬ್ಬರ್ ಬಿಲ್ಲೆ ಇಟ್ಟು, ಗೋಡೆಯಿಂದ ನಾಲ್ಕು ಬೆರಳು ದೂರ ನಿಲ್ಲಿಸಿ. ಗೋಡೆಗೆ ತಾಗಿ ನಿಂತ ಬೀರುವಿನ ಬೆನ್ನಿಗೆ ತುಕ್ಕು, ಹಿಂದಿನ ಗೋಡೆಗೆ ಬೂಷ್ಟು, ಎರಡೂ ಒಟ್ಟಿಗೆ ಬರುತ್ತವೆ.

ರೊಟ್ಟಿ ಹಂಚು, ರಾಗಿಮುದ್ದೆ ಕೋಲು, ಒರಳು ತಪ್ಪದೆ ಒಯ್ಯಿರಿ. ಕಬ್ಬಿಣದ ಹಂಚು ತೊಳೆದ ಕೂಡಲೇ ಒಲೆಯ ಮೇಲಿಟ್ಟು ನೀರು ಆರಿಸಿ, ಎರಡು ಹನಿ ಎಣ್ಣೆ ಸವರಿ ಇಡಬೇಕು. ಊರಲ್ಲಿ ತೊಳೆದು ಬೋರಲು ಹಾಕಿದರೆ ಸಾಕಿತ್ತು. ಅಲ್ಲಿ ಮರುದಿನ ಬೆಳಗ್ಗೆ ಕೆಂಪು ತುಕ್ಕು ಕಾಣುತ್ತದೆ.

ಮನೆ ಯಾವ ಬಡಾವಣೆಯಲ್ಲಿ ನೋಡಬೇಕು?

ಕೆಲಸದ ಜಾಗವೇ ಇದನ್ನು ತೀರ್ಮಾನಿಸಲಿ. ಪಣಂಬೂರು, ಬೈಕಂಪಾಡಿ ಕೈಗಾರಿಕೆಗಳಿಗೆ ಹೋಗುವವರಿಗೆ ಸುರತ್ಕಲ್, ಕುಳಾಯಿ, ಕಾವೂರು. ದೇರಳಕಟ್ಟೆಯ ವೈದ್ಯಕೀಯ ಕಾಲೇಜುಗಳು ಇಲ್ಲವೇ ಕೊಣಾಜೆಯ ವಿಶ್ವವಿದ್ಯಾಲಯವಾದರೆ ತೊಕ್ಕೊಟ್ಟು, ಕುತ್ತಾರು. ನಗರದೊಳಗಿನ ಕಚೇರಿಗೆ ಬಿಜೈ, ಕದ್ರಿ, ಉರ್ವ, ಕೊಟ್ಟಾರ. ತೊಕ್ಕೊಟ್ಟಿನಲ್ಲಿ ಮನೆ ಮಾಡಿ ಸುರತ್ಕಲ್‌ಗೆ ದಿನಾ ಓಡಾಡುತ್ತೇನೆ ಎಂಬ ಲೆಕ್ಕ ನಕ್ಷೆಯಲ್ಲಿ ಸಣ್ಣದಾಗಿ ಕಾಣುತ್ತದೆ. ನೇತ್ರಾವತಿ ಸೇತುವೆ, ಪಂಪ್‌ವೆಲ್, ನಂತೂರು, ಕೊಟ್ಟಾರ ಚೌಕಿ ದಾಟಿಯೇ ಹೋಗಬೇಕು, ಮಳೆಯಲ್ಲಿ ಇವೆಲ್ಲ ಕಟ್ಟಿಕೊಳ್ಳುತ್ತವೆ.

ಮಂಗಳೂರು ಗುಡ್ಡ–ತಗ್ಗುಗಳ ಊರು. ನಮ್ಮ ಕಡೆಯಂತೆ ಸಮತಟ್ಟು ಬೀದಿ ಅಂತ ತಿಳಿದು ಮನೆ ಹಿಡಿಯಬೇಡಿ. ಗುಡ್ಡದ ಮೇಲಿನ ಮನೆಗೆ ಗಾಳಿ ಚೆನ್ನಾಗಿರುತ್ತದೆ, ವಯಸ್ಸಾದವರಿಗೆ ಏರು ಕಷ್ಟ. ತಗ್ಗಿನ ಮನೆಗೆ ನೀರು ನುಗ್ಗುವ ಭಯ. ಕೊಟ್ಟಾರ ಚೌಕಿ, ಪಂಪ್‌ವೆಲ್, ಜೆಪ್ಪಿನಮೊಗರು ಸುತ್ತಿನ ತಗ್ಗುಗಳಲ್ಲಿ ಜೋರು ಮಳೆಗೆ ನೀರು ನಿಲ್ಲುವುದು ಊರಿಗೆಲ್ಲ ಗೊತ್ತಿರುವ ವಿಚಾರ. ರಾಜಕಾಲುವೆ ಎಷ್ಟು ದೂರ, ಕಳೆದ ಮಳೆಗಾಲದಲ್ಲಿ ಅಂಗಳಕ್ಕೆ ನೀರು ಬಂದಿತ್ತೇ ಎಂದು ಮಾಲೀಕರನ್ನಲ್ಲ, ಪಕ್ಕದ ಅಂಗಡಿಯವರನ್ನು ಕೇಳಿ.

ಮನೆ ನೋಡಲು ಹೋದಾಗ ಏನೇನು ಪರೀಕ್ಷಿಸಬೇಕು?

ಬೇಸಿಗೆಯಲ್ಲಿ ನೋಡಿದ ಮನೆ ಚೆಂದವೇ ಕಾಣುತ್ತದೆ. ಮಳೆಗಾಲದ ಗುರುತುಗಳನ್ನು ಹುಡುಕಬೇಕು. ಮುಂಗಾರಿನ ಗಾಳಿಮಳೆ ಹೊಡೆಯುವುದು ಪಶ್ಚಿಮ, ನೈಋತ್ಯದಿಂದ. ಆ ಕಡೆಯ ಗೋಡೆಯ ಒಳಮೈ ಮೇಲೆ ಅಂಗೈ ಇಟ್ಟು ನೋಡಿ. ಬಣ್ಣ ಪುಡಿಪುಡಿಯಾಗಿ ಕೈಗೆ ಹತ್ತಿದರೆ, ಉಬ್ಬಿದ್ದರೆ ಆ ಗೋಡೆ ನೀರು ಕುಡಿಯುತ್ತದೆ. ಒಂದೇ ಗೋಡೆಗೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ ಅನುಮಾನಿಸಿ. ಆ ದಿಕ್ಕಿನ ಕಿಟಕಿಗೆ ಅಗಲವಾದ ಸಜ್ಜೆ ಇಲ್ಲದಿದ್ದರೆ ನಾಲ್ಕು ತಿಂಗಳು ಆ ಕಿಟಕಿ ತೆರೆಯುವ ಹಾಗಿಲ್ಲ.

ಬೀರು, ಮಂಚ ಇದ್ದ ಮೂಲೆ ನೋಡಿ. ಬಚ್ಚಲಿಗೆ ಹೊರಗಿನ ಕಿಟಕಿ ಇದೆಯೇ ನೋಡಿ. ಇಲ್ಲದಿದ್ದರೆ ಗಾಳಿ ಹೊರಹಾಕುವ ಫ್ಯಾನು ಹಾಕಿಸಿಕೊಡಲು ಮಾತಾಡಿ. ಮೇಲಿನ ಮಹಡಿಯ ಮನೆಯಾದರೆ ತಾರಸಿಗೆ ಹತ್ತಿ. ಅಲ್ಲಿ ಬಹಳ ಕಟ್ಟಡಗಳ ತಾರಸಿ ಮೇಲೆ ಶೀಟಿನ ಮಾಡು ಹಾಕಿರುತ್ತಾರೆ, ಅದು ಇದ್ದರೆ ಸೋರುವ ಭಯ ಕಡಿಮೆ, ಬಟ್ಟೆ ಒಣಹಾಕಲೂ ಜಾಗವಾಯಿತು. ಹೆಂಚಿನ ಮನೆಯಾದರೆ ಬೇಸಿಗೆಗೆ ತಂಪು, ಆದರೆ ಮಳೆಗೆ ಮುಂಚೆ ಒಡೆದ ಹೆಂಚು ಬದಲಿಸುವ ಖರ್ಚು ಯಾರದ್ದು ಎಂದು ಕರಾರಿನಲ್ಲೇ ಬರೆಸಿ. 11 ತಿಂಗಳ ಕರಾರು ಪತ್ರ, ಮುಂಗಡ ಹಣದ ರಸೀದಿ ಎರಡೂ ಕೈಗೆ ಬಂದ ಮೇಲೆಯೇ ಲಾರಿ ಗೊತ್ತು ಮಾಡಿ.

ಸಮುದ್ರದ ಪಕ್ಕದ ಮನೆ ಹೇಗೆ?

ಗಾಳಿ, ನೋಟ ಎರಡೂ ಚೆನ್ನ. ಆದರೆ ಉಪ್ಪುಗಾಳಿ ಕಬ್ಬಿಣವನ್ನು ತಿನ್ನುತ್ತದೆ. ಗೇಟು, ಕಿಟಕಿ ಸರಳು, ಎ.ಸಿ.ಯ ಹೊರಗಿನ ಪೆಟ್ಟಿಗೆ, ಸ್ಕೂಟರಿನ ಸೈಲೆನ್ಸರ್, ಚೈನು ಮೊದಲು ಹಾಳಾಗುತ್ತವೆ. ವಾರಕ್ಕೊಮ್ಮೆ ಗಾಡಿಯನ್ನು ಸಿಹಿನೀರಿನಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ, ಚೈನಿಗೆ ಎಣ್ಣೆ ಬಿಡಬೇಕು. ತೊಳೆದು ಒದ್ದೆಯಾಗಿಯೇ ಕವರ್ ಹೊದಿಸಿದರೆ ಒಳಗೆ ಇನ್ನೂ ಬೇಗ ತುಕ್ಕು ಹಿಡಿಯುತ್ತದೆ. ತೀರದಿಂದ ಒಂದೆರಡು ಕಿ.ಮೀ. ಒಳಗೆ ಮನೆ ಹಿಡಿದು, ಸಮುದ್ರಕ್ಕೆ ಭಾನುವಾರ ಹೋಗಿ ಬನ್ನಿ ಎಂಬುದು ನಮ್ಮ ಸಲಹೆ.

ಅಷ್ಟು ಮಳೆ ಬೀಳುವ ಊರಲ್ಲಿ ನೀರಿನ ತಾಪತ್ರಯ ಇರುವುದಿಲ್ಲ, ಅಲ್ಲವೇ?

ಇರುತ್ತದೆ. ನಗರಕ್ಕೆ ನೀರು ಬರುವುದು ನೇತ್ರಾವತಿಗೆ ಕಟ್ಟಿದ ತುಂಬೆ ಅಣೆಕಟ್ಟಿನಿಂದ. ಬಿದ್ದ ಮಳೆ ಗಂಟೆಗಳಲ್ಲಿ ಕಡಲು ಸೇರುವ ಇಳಿಜಾರು ನಾಡು ಅದು. ಮೇ ಹೊತ್ತಿಗೆ ಹೊಳೆ ಸೊರಗಿದರೆ ದಿನ ಬಿಟ್ಟು ದಿನ ನೀರು ಬಿಡುತ್ತಾರೆ. 2016, 2019ರ ಬೇಸಿಗೆಯಲ್ಲಿ ಹಾಗೇ ಆಯಿತು. ಬಾವಿಯಿರುವ ಮನೆ ಸಿಕ್ಕರೆ ಪುಣ್ಯ. ಹೊಳೆಯ ಅಂಚಿನ, ಕಡಲ ಬದಿಯ ಬಾವಿಗಳು ಏಪ್ರಿಲ್–ಮೇನಲ್ಲಿ ಉಪ್ಪಾಗಬಹುದು, ಹಾಗಾಗಿ ಬಾವಿ ಇದೆ ಎಂದರೆ ಸಾಲದು, ಬೇಸಿಗೆಯಲ್ಲಿ ಕುಡಿಯಲು ಬರುತ್ತದೆಯೇ ಎಂದು ಕೇಳಿ.

ನೀರಿನ ಗುಣ ಬೇರೆ. ಚಿತ್ರದುರ್ಗದ ಬೋರಿನ ಗಡಸು ನೀರಿಗೆ ರೂಢಿಯಾದ ಕೈ ಅಲ್ಲಿ ಅದೇ ಅಳತೆಯಲ್ಲಿ ಸೋಪಿನ ಪುಡಿ ಹಾಕಿದರೆ ನೊರೆ ಮುಗಿಯುವುದೇ ಇಲ್ಲ. ಅರ್ಧ ಅಳತೆ ಸಾಕು. ಗೀಸರ್‌ನಲ್ಲಿ ಬಿಳಿ ಸುಣ್ಣ ಕಟ್ಟುವ ಕಾಟವೂ ತಪ್ಪುತ್ತದೆ. ಊರಿಂದ ಆರ್.ಒ. ಯಂತ್ರ ಬಿಚ್ಚಿ ಒಯ್ಯುವ ಮುಂಚೆ ಹೊಸ ಮನೆಯ ನೀರಿನ ಟಿ.ಡಿ.ಎಸ್. (ನೀರಿನಲ್ಲಿ ಕರಗಿರುವ ಲವಣಾದಿಗಳ ಒಟ್ಟು ಪ್ರಮಾಣ) ಅಳೆಸಿ. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ಲೀಟರಿಗೆ 500 ಮಿಲಿಗ್ರಾಂವರೆಗೆ ಸರಿ. ಅದಕ್ಕಿಂತ ಬಹಳ ಕಡಿಮೆ ಬಂದರೆ ಆರ್.ಒ. ಬೇಡವೇ ಬೇಡ, ಸೋಸಿ, ಕುದಿಸಿ ಕುಡಿದರೆ ಆಯಿತು. ಮಳೆಗಾಲದಲ್ಲಿ ಬಾವಿನೀರು ಕನ್ನಡಿಯಷ್ಟು ತಿಳಿಯಾಗಿ ಕಂಡರೂ ಕುದಿಸಿಯೇ ಕುಡಿಯಿರಿ, ಯಾಕೆಂದರೆ ಅಂಗಳದ ಕೊಳಕು ನೀರು ಅಲ್ಲಿನ ನೆಲದ ಮುರಕಲ್ಲಿನ (ತೂತುತೂತಾದ ಕೆಂಪು ಕಲ್ಲು) ಸಂದುಗಳಲ್ಲಿ ಇಳಿದು ಬಾವಿ ಸೇರುತ್ತದೆ.

ಬೂಷ್ಟು ಹಿಡಿಯದಂತೆ ಮಾಡುವುದು ಹೇಗೆ?

ಹೊಸಬರು ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಬೂಷ್ಟಿಗೆ ಬೇಕಿರುವುದು ಎರಡೇ: ನಿಂತ ಗಾಳಿ, ತೇವ. ತೇವವನ್ನು ಪೂರ್ತಿ ತಡೆಯಲಾಗದು, ಗಾಳಿ ಆಡುವಂತೆ ಮಾಡಬಹುದು.

ಮೇ ಕೊನೆಯ ವಾರ ಬಿಸಿಲಿರುವಾಗಲೇ ಕೋಟು, ಹಾಸಿಗೆ, ಪುಸ್ತಕ ಎಲ್ಲವನ್ನೂ ಒಮ್ಮೆ ಬಿಸಿಲಿಗೆ ಹಾಕಿ. ರೇಷ್ಮೆ ಸೀರೆಯನ್ನು ಮಾತ್ರ ನೆರಳಿನ ಗಾಳಿಯಲ್ಲಿ ಆರಿಸಿ, ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಒಳಗಿನ ತೇವ ಅಲ್ಲೇ ಸಿಕ್ಕಿಕೊಂಡು ಜರಿ ಕಪ್ಪಾಗುತ್ತದೆ. ಬೀರುವನ್ನು ಮುಕ್ಕಾಲು ಭಾಗ ಮಾತ್ರ ತುಂಬಿ. ವಾರಕ್ಕೆರಡು ಬಾರಿ ಅರ್ಧ ಗಂಟೆ ಬಾಗಿಲು ತೆರೆದು ಫ್ಯಾನಿನ ಗಾಳಿ ಬಿಡಿ. ತೇವ ಹೀರುವ ಡಬ್ಬಿಗಳು ಅಂಗಡಿಯಲ್ಲಿ ಸಿಗುತ್ತವೆ. ಡಬ್ಬಿಯಲ್ಲಿ ನೀರು ತುಂಬಿದ ಮೇಲೆ ಬದಲಿಸದಿದ್ದರೆ ಪ್ರಯೋಜನವಿಲ್ಲ.

ಬಟ್ಟೆ ಒಗೆಯುವುದನ್ನು ಭಾನುವಾರಕ್ಕೆಂದು ಕೂಡಿಡಬೇಡಿ. ದಿನಾ ನಾಲ್ಕು ಬಟ್ಟೆ ಒಗೆದರೆ ಒಂದು ಫ್ಯಾನಿನ ಕೆಳಗೆ ಒಣಗುತ್ತವೆ. ಇಪ್ಪತ್ತು ಒಟ್ಟಿಗೆ ಹಾಕಿದರೆ ಮೂರನೇ ದಿನಕ್ಕೆ ಮುಗ್ಗಲು ವಾಸನೆ. ಯಂತ್ರದಲ್ಲಿ ಕೊನೆಗೆ ಇನ್ನೊಮ್ಮೆ ಬರೀ ಹಿಂಡುವ ಸುತ್ತು ಓಡಿಸಿದರೆ ಒಣಗುವ ಹೊತ್ತು ಗಣನೀಯವಾಗಿ ಇಳಿಯುತ್ತದೆ. ಜೀನ್ಸನ್ನು ಜೂನ್‌ನಲ್ಲಿ ಒಳಗಿಟ್ಟು ಅಕ್ಟೋಬರ್‌ನಲ್ಲಿ ತೆಗೆಯಿರಿ. ಗೋಡೆಗೆ ಬಂದ ಬೂಷ್ಟನ್ನು ಒಣಬಟ್ಟೆಯಲ್ಲಿ ಉಜ್ಜಿದರೆ ಬೀಜಕಣ ಮನೆಯಿಡೀ ಹಾರುತ್ತವೆ, ದಮ್ಮು ಇರುವವರಿಗೆ ಅದು ಅಪಾಯ. ಮೂಗಿಗೆ ಬಟ್ಟೆ ಕಟ್ಟಿ, ಸೋಪಿನ ನೀರಿನ ಒದ್ದೆ ಬಟ್ಟೆಯಲ್ಲಿ ಒರೆಸಿ, ಫ್ಯಾನು ಹಾಕಿ ಒಣಗಿಸಿ.

ಜೋಳ, ಶೇಂಗಾ, ಮಂಡಕ್ಕಿ ಅಲ್ಲಿ ಸಿಗುತ್ತವೆಯೇ? ಊರಿಂದ ತುಂಬಿಕೊಂಡು ಹೋಗಬಹುದೇ?

ಸಿಗುತ್ತವೆ. ಉತ್ತರ ಕರ್ನಾಟಕದಿಂದ ದುಡಿಯಲು ಬಂದ ಜನ ಮಂಗಳೂರಿನಲ್ಲಿ ಬಹಳ, ರೊಟ್ಟಿ ಊಟದ ಖಾನಾವಳಿಗಳೂ ಇವೆ. ಆದರೂ ಊರಿನ ಜೋಳವೇ ಬೇಕೆಂದರೆ ಕಾಳು ಒಯ್ಯಿರಿ, ಹಿಟ್ಟು ಬೇಡ. ಜೋಳದ ಹಿಟ್ಟು ಆ ಹವೆಗೆ ಮೂರು ವಾರದಲ್ಲಿ ಕಮಟುತ್ತದೆ, ಜಿಗುಟು ಹೋಗಿ ರೊಟ್ಟಿ ಬಡಿಯುವಾಗ ಅಂಚು ಬಿರಿಯುತ್ತದೆ. ಹಿಟ್ಟೇ ಒಯ್ಯುವುದಾದರೆ ಎರಡು ಕೆ.ಜಿ. ಮೀರದಿರಲಿ, ಫ್ರಿಜ್‌ನಲ್ಲಿಡಿ.

ಶೇಂಗಾ ವಿಚಾರದಲ್ಲಿ ಸಡಿಲ ಬಿಡಬೇಡಿ. ಚಳ್ಳಕೆರೆಯಿಂದ ಹತ್ತು ಕೆ.ಜಿ. ಮೂಟೆ ಕಟ್ಟಿ ಒಯ್ದು ಮೂಲೆಗಿಟ್ಟರೆ ಮಳೆಗಾಲದಲ್ಲಿ ಶಿಲೀಂಧ್ರ ಹಿಡಿಯುತ್ತದೆ. ಶೇಂಗಾಕ್ಕೆ ಬರುವ ಆ ಹಸಿರು–ಹಳದಿ ಬೂಷ್ಟು ಉಂಟುಮಾಡುವ ಅಫ್ಲಟಾಕ್ಸಿನ್ ವಿಷ ಪಿತ್ತಜನಕಾಂಗಕ್ಕೆ ಕೆಡುಕು, ಹುರಿದರೂ ಪೂರ್ತಿ ಹೋಗುವುದಿಲ್ಲ. ಸುಕ್ಕಾದ, ಬಣ್ಣಗೆಟ್ಟ, ಕಹಿಯಾದ ಕಾಳನ್ನು ಆರಿಸಿ ಎಸೆಯಿರಿ. ಪೂರ್ತಿ ವಾಸನೆ ಬಂದಿದ್ದರೆ ಮೂಟೆಯನ್ನೇ ಬಿಡಿ. ಒಂದು ಕೆ.ಜಿ. ತಂದು, ಕೂಡಲೇ ಹುರಿದು, ಆರಿದ ಮೇಲೆ ಗಾಳಿಯಾಡದ ಡಬ್ಬಿಗೆ ಹಾಕುವುದು ಸರಿ. ಚಟ್ನಿಪುಡಿಯ ಡಬ್ಬಿಗೆ ಒದ್ದೆ ಚಮಚ ತಾಗದಿರಲಿ.

ಮಂಡಕ್ಕಿ ಚೀಲ ಬಿಚ್ಚಿದ ಅರ್ಧ ಗಂಟೆಗೇ ಮೆತ್ತಗಾಗುತ್ತದೆ. ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಮೂರು ನಾಲ್ಕು ನಿಮಿಷ ಕೈಯಾಡಿಸಿದರೆ ಮತ್ತೆ ಗರಿಗರಿ. ಒಗ್ಗರಣೆ ಬೇರೆ ಮಾಡಿಟ್ಟುಕೊಂಡು ತಿನ್ನುವಾಗ ಕಲೆಸಿ. ಅಲ್ಲಿ ಇದನ್ನು ಚುರುಮುರಿ, ಚರ್ಮುರಿ ಎನ್ನುತ್ತಾರೆ. ಜೊತೆಗೆ ಮಿರ್ಚಿ ಹುಡುಕುವವರು 'ಮೆಣಸಿನ ಪೋಡಿ' ಎಂದು ಕೇಳಿ.

ಬೆಣ್ಣೆದೋಸೆ ಹಿಟ್ಟು ಊರಲ್ಲಿ ರಾತ್ರಿಯಿಡೀ ಹುದುಗಬೇಕು. ಅಲ್ಲಿ ಸಂಜೆ ಏಳಕ್ಕೆ ರುಬ್ಬಿಟ್ಟರೆ ನಡುರಾತ್ರಿಗೇ ಪಾತ್ರೆ ಮೀರಿ ಉಕ್ಕಿರುತ್ತದೆ, ಬೆಳಗ್ಗೆ ದೋಸೆ ಹುಳಿ. ರಾತ್ರಿ ಹತ್ತರ ಮೇಲೆ ರುಬ್ಬಿ, ಇಲ್ಲವೇ ತಣ್ಣೀರಿನಲ್ಲಿ ರುಬ್ಬಿ, ಬೆಳಗ್ಗೆ ಏಳು ಗಂಟೆಯ ಹೊತ್ತಿಗೆ ಹುದುಗಿತೇ ನೋಡಿ ಫ್ರಿಜ್‌ಗೆ ಸೇರಿಸಿ.

ಕುಚ್ಚಲಕ್ಕಿ ಬೇಯಿಸುವುದು ಹೇಗೆ? ನಾವು ಮಾಡಿದರೆ ಕಲ್ಲಿನಂತಿರುತ್ತದೆ.

ನೀರು, ಹೊತ್ತು ಎರಡೂ ಸಾಲದೆ ಹಾಗಾಗುವುದು. ಅದು ಭತ್ತವನ್ನೇ ಬೇಯಿಸಿ ಒಣಗಿಸಿ ಮಾಡಿದ ಅಕ್ಕಿ, ಕಾಳು ಗಟ್ಟಿ. ಒಂದು ಲೋಟ ಅಕ್ಕಿಗೆ ತೆರೆದ ಪಾತ್ರೆಯಲ್ಲಿ ಏಳೆಂಟು ಲೋಟ ನೀರು ಕುದಿಸಿ, ತೊಳೆದ ಅಕ್ಕಿ ಹಾಕಿ, 40ರಿಂದ 50 ನಿಮಿಷ ಬೇಯಿಸಬೇಕು. ಕುಕ್ಕರಾದರೆ ಒಂದು ಲೋಟಕ್ಕೆ ಐದು ಲೋಟ ನೀರು, ಒಂದು ಸೀಟಿ ಬಂದ ಮೇಲೆ ಸಣ್ಣ ಉರಿಯಲ್ಲಿ 15–20 ನಿಮಿಷ, ಒಲೆ ಆರಿಸಿ ಅರ್ಧ ಗಂಟೆ ಹಾಗೇ ಬಿಡಿ. ಕುಕ್ಕರನ್ನು ಅರ್ಧಕ್ಕಿಂತ ಹೆಚ್ಚು ತುಂಬಿಸಬೇಡಿ, ಗಂಜಿ ಉಕ್ಕಿ ಸೀಟಿಯ ತೂತು ಕಟ್ಟುತ್ತದೆ. ಬಸಿದ ತಿಳಿ ಚೆಲ್ಲಬೇಡಿ. ಉಪ್ಪು, ಮಜ್ಜಿಗೆ ಹಾಕಿ ಕುಡಿಯಿರಿ. ಮುದ್ದೆ ಉಂಡು ಬೆಳೆದ ಹೊಟ್ಟೆಗೆ ಬಿಳಿ ಅನ್ನಕ್ಕಿಂತ ಇದೇ ಹೆಚ್ಚು ಹೊತ್ತು ನಿಲ್ಲುತ್ತದೆ.

ಹೊರಗೆ ತಿನ್ನುವಾಗ ಅಡುಗೆ ತೆಂಗಿನೆಣ್ಣೆಯದ್ದಿರಬಹುದು, ಸಾಂಬಾರಿಗೆ ಬೆಲ್ಲ ಇರುತ್ತದೆ. ಸಸ್ಯಾಹಾರಿಗಳಿಗೆ ಊಟದ ಹೋಟೆಲುಗಳು ಬೇಕಾದಷ್ಟಿವೆ. ಮೀನು ತಿನ್ನುವವರಿಗೆ ಒಂದು ಮಾತು: ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆಗ ಬಂಗುಡೆ, ಅಂಜಲ್ ತಾಜಾ ಸಿಗುವುದು ಕಡಿಮೆ, ದರ ಏರಿರುತ್ತದೆ.

ಕನ್ನಡ ಸಾಕೇ? ತುಳು ಕಲಿಯಲೇಬೇಕೇ?

ಕನ್ನಡ ಧಾರಾಳವಾಗಿ ಸಾಕು. ತುಳು, ಕೊಂಕಣಿ, ಬ್ಯಾರಿ ಮನೆಮಾತಾದವರೂ ಕನ್ನಡ ಬಲ್ಲರು. ಅವರ ಕನ್ನಡ ಪುಸ್ತಕದ ಹತ್ತಿರದ್ದು. ನಮ್ಮ ಕಡೆಯ ವೇಗದ ಮಾತು, 'ಲೇ', 'ಏನಲೇ' ಎಂಬ ಸಲಿಗೆ ಅಲ್ಲಿ ಒರಟಾಗಿ ಕೇಳಿಸುತ್ತದೆ. ಆಟೊದವರಿಗೆ, ಮೀನಿನವರಿಗೆ, ಕೆಲಸದವರಿಗೆ ಎಲ್ಲರಿಗೂ ಬಹುವಚನ ಬಳಸಿ. ಅವರು 'ಎಂತ ಮಾರಾಯ್ರೇ' ಎಂದರೆ ಬೈಗುಳವಲ್ಲ, ಪ್ರೀತಿಯ ಮಾತು.

ನಾಲ್ಕು ತುಳು ಮಾತು ಕಲಿತರೆ ಬಾಗಿಲು ತೆರೆಯುತ್ತದೆ. 'ಎಂಚ ಉಲ್ಲರ್?' ಎಂದರೆ ಹೇಗಿದ್ದೀರಿ. 'ಒಣಸ್ ಆಂಡಾ?' ಊಟ ಆಯಿತೇ. 'ಉಂಡು' ಇದೆ, 'ಇಜ್ಜಿ' ಇಲ್ಲ. 'ಎಂಕ್ ತುಳು ಬರ್ಪುಜಿ' ಎಂದರೆ ನನಗೆ ತುಳು ಬರುವುದಿಲ್ಲ. ಬಸ್ಸಿನಲ್ಲಿ 'ದುಂಬು ಪೋಲೆ' ಎಂದರೆ ಮುಂದೆ ಹೋಗಿ, 'ಜಪ್ಪುಲೆ' ಎಂದರೆ ಇಳಿಯಿರಿ.

ಕನ್ನಡದಲ್ಲೇ ಕೆಲವು ಪದ ತಿರುಗುಮುರುಗು. ಅಲ್ಲಿ 'ನುಸಿ' ಎಂದರೆ ಸೊಳ್ಳೆ. ಎಳನೀರು 'ಬೊಂಡ', ಕಲ್ಲಂಗಡಿ 'ಬಚ್ಚಂಗಾಯಿ', ಆಲೂಗಡ್ಡೆ 'ಬಟಾಟೆ', ಈರುಳ್ಳಿ 'ನೀರುಳ್ಳಿ', ಶೇಂಗಾ 'ನೆಲಗಡಲೆ', ದಂಟಿನ ಸೊಪ್ಪು 'ಹರಿವೆ'. ಬರೀ ಸೌತೆಕಾಯಿ ಕೇಳಿದರೆ ಸಾಂಬಾರಿನ ದಪ್ಪ ಮಂಗಳೂರು ಸೌತೆ ಕೊಡುತ್ತಾರೆ. ಹಸಿ ತಿನ್ನುವುದು ಬೇಕಾದರೆ 'ಮುಳ್ಳುಸೌತೆ' ಎನ್ನಬೇಕು.

ಸಿಟಿ ಬಸ್ಸಿನಲ್ಲಿ ಶಕ್ತಿ ಯೋಜನೆ ನಡೆಯುತ್ತದೆಯೇ?

ಸರ್ಕಾರಿ ಬಸ್ಸಿನಲ್ಲಿ ಮಾತ್ರ. ಮಂಗಳೂರಿನ ಸಿಟಿ ಬಸ್ಸುಗಳಲ್ಲಿ ಬಹುಪಾಲು ಖಾಸಗಿ, ಅವುಗಳಲ್ಲಿ ಹೆಂಗಸರೂ ಟಿಕೆಟ್ ಕೊಳ್ಳಬೇಕು. ಮನೆಯ ತಿಂಗಳ ಖರ್ಚಿಗೆ ಇದನ್ನು ಮೊದಲೇ ಸೇರಿಸಿಕೊಳ್ಳಿ. ಬಸ್ಸಿನ ಹಲಗೆ ಮೇಲೆ 'ಸ್ಟೇಟ್‌ಬ್ಯಾಂಕ್' ಎಂದಿದ್ದರೆ ಅದು ಹಂಪನಕಟ್ಟೆ ಬಳಿಯ ಸಿಟಿ ಬಸ್ ನಿಲ್ದಾಣ. ಊರಿಗೆ ಬರುವ ಕೆ.ಎಸ್.ಆರ್.ಟಿ.ಸಿ. ಬಸ್ಸು ಹತ್ತುವುದು ಅಲ್ಲಲ್ಲ, ಬಿಜೈಯಲ್ಲಿ. ರೈಲು ನಿಲ್ದಾಣವೂ ಎರಡು, ಮಂಗಳೂರು ಸೆಂಟ್ರಲ್ ಮತ್ತು ಮಂಗಳೂರು ಜಂಕ್ಷನ್; ಟಿಕೆಟ್ಟಿನಲ್ಲಿ ಯಾವುದಿದೆ ನೋಡಿಯೇ ಆಟೊ ಹತ್ತಿ.

ಕಾಗದಪತ್ರ ಏನೇನು ಬದಲಿಸಬೇಕು?

ವಿದ್ಯುತ್ ಬೆಸ್ಕಾಂನಿಂದ ಮೆಸ್ಕಾಂಗೆ ಬದಲಾಗುತ್ತದೆ. ಹಳೆಯ ಬಾಡಿಗೆ ಮನೆಯ ಮೀಟರಿಗೆ ಜೋಡಿಸಿದ ಗೃಹಜ್ಯೋತಿಯನ್ನು ಮೊದಲು ಡಿ-ಲಿಂಕ್ ಮಾಡಿಸಿ, ಆಮೇಲೆ ಹೊಸ ಮೀಟರಿಗೆ ನೋಂದಾಯಿಸಿ. ಇದನ್ನು ಮರೆತರೆ ಹೊಸ ಮನೆಯ ಅರ್ಜಿ ನಿಲ್ಲುತ್ತದೆ. ಗ್ಯಾಸಿಗೆ ಹಳೆಯ ಏಜೆನ್ಸಿಗೆ ಸಿಲಿಂಡರ್, ರೆಗ್ಯುಲೇಟರ್ ಒಪ್ಪಿಸಿ ವರ್ಗಾವಣೆ ಚೀಟಿ, ಠೇವಣಿ ಹಣ ಪಡೆದು, ಆ ಚೀಟಿಯಿಂದಲೇ ಹೊಸ ಕಡೆ ಸಂಪರ್ಕ ತೆಗೆದುಕೊಳ್ಳಿ. ಪಡಿತರ ಚೀಟಿ ತಕ್ಷಣ ಬದಲಿಸದಿದ್ದರೂ ಬೆರಳಚ್ಚು ಕೊಟ್ಟು ರಾಜ್ಯದ ಬೇರೆ ನ್ಯಾಯಬೆಲೆ ಅಂಗಡಿಯಲ್ಲಿ ಪಡಿತರ ಪಡೆಯಬಹುದು. ಮತದಾರರ ಪಟ್ಟಿಗೆ ನಮೂನೆ 8. ಕೆ.ಎ. 17, ಕೆ.ಎ. 16ರ ಗಾಡಿಗೆ ಹೊಸ ಸಂಖ್ಯೆ ಬೇಡ, ರಾಜ್ಯ ಒಂದೇ. ನೋಂದಣಿ ಪತ್ರದಲ್ಲಿ ವಿಳಾಸ ಮಾತ್ರ 30 ದಿನದೊಳಗೆ ಬದಲಿಸಬೇಕು. ಮಕ್ಕಳ ವರ್ಗಾವಣೆ ಪತ್ರದಲ್ಲಿ ಸ್ಯಾಟ್ಸ್ ಸಂಖ್ಯೆ (ಶಾಲಾ ದಾಖಲೆಯ ವಿದ್ಯಾರ್ಥಿ ಗುರುತಿನ ಸಂಖ್ಯೆ) ಇದೆಯೇ, ಹೆಸರಿನ ಅಕ್ಷರ ಆಧಾರ್‌ಗೆ ಹೊಂದುತ್ತದೆಯೇ ಎಂದು ಊರು ಬಿಡುವ ಮುಂಚೆಯೇ ನೋಡಿ, ಆಮೇಲೆ ತಿದ್ದಿಸಲು ಮತ್ತೆ ಘಟ್ಟ ಹತ್ತಬೇಕಾಗುತ್ತದೆ.

ಜ್ವರ, ಸೊಳ್ಳೆ, ಚರ್ಮದ ತೊಂದರೆ?

ಮಂಗಳೂರಿನಲ್ಲಿ ಮಲೇರಿಯಾ ಬಹುಕಾಲದಿಂದ ಇರುವ ಕಾಯಿಲೆ, ಡೆಂಗೆಯೂ ಇದೆ. ಜ್ವರ ಬಂದರೆ ಎರಡು ದಿನ ಗುಳಿಗೆ ನುಂಗಿ ನೋಡೋಣ ಎಂಬ ನಮ್ಮ ರೂಢಿ ಬಿಡಿ. ಅದೇ ದಿನ ರಕ್ತಪರೀಕ್ಷೆ ಮಾಡಿಸಿ; ಸರ್ಕಾರಿ ಆಸ್ಪತ್ರೆಗಳಲ್ಲಿ ಮಲೇರಿಯಾ ಪರೀಕ್ಷೆ, ಚಿಕಿತ್ಸೆ ಉಚಿತ. ಹಂಪನಕಟ್ಟೆಯ ವೆನ್ಲಾಕ್ ಜಿಲ್ಲಾ ಆಸ್ಪತ್ರೆ, ಹೆರಿಗೆಗೆ ಲೇಡಿಗೋಶನ್ ಆಸ್ಪತ್ರೆ ಎರಡೂ ನಗರದ ನಡುವೆಯೇ ಇವೆ. ವೈವಾಕ್ಸ್ ಎಂಬ ಬಗೆಯ ಮಲೇರಿಯಾ ಬಂದರೆ ಜ್ವರ ಮೂರೇ ದಿನಕ್ಕೆ ಇಳಿದರೂ ವೈದ್ಯರು ಕೊಟ್ಟ 14 ದಿನದ ಗುಳಿಗೆ ಪೂರ್ತಿ ಮುಗಿಸಬೇಕು, ಇಲ್ಲದಿದ್ದರೆ ಪಿತ್ತಜನಕಾಂಗದಲ್ಲಿ ಅಡಗಿದ ರೋಗಾಣು ತಿಂಗಳುಗಳ ನಂತರ ಮತ್ತೆ ಏಳುತ್ತದೆ. ದಾವಣಗೆರೆಯಲ್ಲಿ ಡ್ರಮ್ಮುಗಳಲ್ಲಿ ನೀರು ತುಂಬಿಡುವ ಅಭ್ಯಾಸವಿದ್ದವರು ಅಲ್ಲಿ ಪ್ರತಿ ಡ್ರಮ್ಮಿಗೂ ಬಿಗಿ ಮುಚ್ಚಳ ಹಾಕಿ, ವಾರಕ್ಕೊಮ್ಮೆ ಖಾಲಿ ಮಾಡಿ ಉಜ್ಜಿ.

ಕಾಲಿನಲ್ಲಿ ಗಾಯವಿದ್ದಾಗ ನಿಂತ ಮಳೆನೀರಿನಲ್ಲಿ ನಡೆಯಬೇಡಿ. ಇಲಿಜ್ವರ ಬರುವುದು ಹಾಗೆಯೇ. ತೊಡೆಸಂದು, ಕಂಕುಳಲ್ಲಿ ಹುಳುಕಡ್ಡಿ ಬಂದರೆ ಅಂಗಡಿಯವರು ಕೊಡುವ ಸ್ಟೀರಾಯ್ಡ್ ಬೆರೆತ ಮುಲಾಮು ಹಚ್ಚಬೇಡಿ. ತುರಿಕೆ ನಾಲ್ಕು ದಿನ ನಿಂತು, ಆಮೇಲೆ ದುಪ್ಪಟ್ಟು ಹರಡುತ್ತದೆ.

ಮಕ್ಕಳು ಸಮುದ್ರಕ್ಕೆ ಇಳಿಯಬಹುದೇ?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಾದ ಒದ್ದೆ ಮಾಡಿಕೊಳ್ಳಲೂ ಬೇಡ. ಕೆರೆಯಲ್ಲಿ, ಭದ್ರಾ ನಾಲೆಯಲ್ಲಿ ಈಜು ಕಲಿತವರೇ ಅಲ್ಲಿ ಹೆಚ್ಚು ಮೋಸ ಹೋಗುವುದು. ನಾಲೆಯ ಸೆಳೆತ ಒಂದೇ ದಿಕ್ಕಿಗೆ, ಕಣ್ಣಿಗೆ ಕಾಣುತ್ತದೆ. ಸಮುದ್ರದಲ್ಲಿ ದಡಕ್ಕೆ ಬಂದ ನೀರು ಕಿರಿದಾದ ಜಾಡು ಹಿಡಿದು ವಾಪಸು ಓಡುತ್ತದೆ. ಅಲೆಗಳ ನಡುವೆ ಶಾಂತವಾಗಿ ಕಾಣುವ ಜಾಗವೇ ಆ ಜಾಡು. ಸಿಕ್ಕಿಕೊಂಡರೆ ದಡದ ಕಡೆಗೆ ಎದುರು ಈಜಿ ದಣಿಯಬೇಡಿ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಹೊರಬನ್ನಿ, ಕೈಯೆತ್ತಿ ಕೂಗಿ. ಒಳ್ಳೆಯ ಕಾಲದಲ್ಲೂ ಜೀವರಕ್ಷಕರಿರುವ ಪಣಂಬೂರಿನಂಥ ಕಡೆ, ಮೊಣಕಾಲಿನ ಮಟ್ಟದವರೆಗೆ ಮಾತ್ರ. ಸೋಮೇಶ್ವರದ ಬಂಡೆಗಳ ಮೇಲೆ ಹತ್ತಿ ಫೋಟೊ ತೆಗೆಸಿಕೊಳ್ಳುವುದು ಬೇಡವೇ ಬೇಡ. ಹೊಳೆ ಕಡಲು ಸೇರುವ ಅಳಿವೆಯ ಹತ್ತಿರವೂ ಇಳಿಯಬಾರದು.

ಕೋಲ, ನೇಮಕ್ಕೆ ಕರೆದರೆ ಹೋಗಬಹುದೇ?

ಖಂಡಿತ ಹೋಗಿ. ಕರೆದರೆಂದರೆ ನಿಮ್ಮನ್ನು ಊರಿನವರೆಂದು ಎಣಿಸಿದರೆಂದೇ ಅರ್ಥ. ಕೋಲ, ನೇಮ ಎಂದರೆ ತುಳುನಾಡಿನ ದೈವಾರಾಧನೆ, ಅದು ದೈವದ ಸೇವೆ. ಚಪ್ಪಲಿ ಹೊರಗೆ ಬಿಡಿ, ಕೇಳದೆ ಫೋಟೊ ತೆಗೆಯಬೇಡಿ, ದೈವ ನುಡಿ ಕೊಡುವಾಗ ಎದ್ದು ಓಡಾಡಬೇಡಿ. ಮೇ 24ರ ಸುಮಾರಿಗೆ ಬರುವ ಪತ್ತನಾಜೆಗೆ ಕೋಲ, ಯಕ್ಷಗಾನ ಮೇಳಗಳ ತಿರುಗಾಟ ನಿಲ್ಲುತ್ತವೆ, ಮಳೆಗಾಲ ಕಳೆದು ದೀಪಾವಳಿ ಹೊತ್ತಿಗೆ ಮತ್ತೆ ಶುರು. ಯುಗಾದಿಗಿಂತ ಅಲ್ಲಿ ಏಪ್ರಿಲ್ ನಡುವಿನ ಬಿಸು ಹಬ್ಬಕ್ಕೆ ಸಡಗರ ಹೆಚ್ಚು.

ಮಳೆಗಾಲದಲ್ಲಿ ಹತ್ತು ದಿನ ಮನೆ ಮುಚ್ಚಿ ಊರಿಗೆ ಬರುವುದಾದರೆ?

ಶ್ರಾವಣಕ್ಕೋ, ಗೌರಿ–ಗಣೇಶ ಹಬ್ಬಕ್ಕೋ ಬಂದು ಹೋಗುವವರು ಬಾಗಿಲು ತೆರೆದಾಗ ಹಾಸಿಗೆಯೆಲ್ಲ ಬೂಷ್ಟು ಹಿಡಿದಿರುವುದನ್ನು ನೋಡಿ ಕಂಗಾಲಾಗುತ್ತಾರೆ. ಹೊರಡುವ ದಿನ ಹಾಸಿಗೆಯನ್ನು ಗೋಡೆಗೆ ಓರೆಯಾಗಿ ನಿಲ್ಲಿಸಿ, ಎರಡೂ ಬದಿಗೆ ಗಾಳಿ ತಾಗಲಿ. ಒಳಗಿನ ಕೋಣೆ, ಕಪಾಟಿನ ಬಾಗಿಲು ತೆರೆದಿಡಿ. ಒಗೆದ ಬಟ್ಟೆ ಅರೆಒಣಗಿದ್ದರೆ ಮಡಚಿಡದೆ ಹಗ್ಗದ ಮೇಲೇ ಬಿಡಿ. ಫ್ರಿಜ್ ಆರಿಸುವುದಾದರೆ ಒಳಗೆ ಒರೆಸಿ, ಬಾಗಿಲ ನಡುವೆ ಬಟ್ಟೆ ಮಡಚಿಟ್ಟು ಸಂದು ಬಿಡಿ. ಸಿಡಿಲಿಗೆ ಸುಟ್ಟುಹೋಗದಂತೆ ಟಿ.ವಿ., ಮೋಡೆಮ್ ಪ್ಲಗ್ಗನ್ನು ಗೋಡೆಯಿಂದಲೇ ಕಿತ್ತಿಡಿ; ಸ್ವಿಚ್ ಆರಿಸಿದರೆ ಸಾಲದು, ಮೋಡೆಮ್ಮಿಗೆ ಬರುವ ತಾಮ್ರದ ತಂತಿಯನ್ನೂ ಬಿಡಿಸಬೇಕು. ನೆರೆಯವರಿಗೆ ಬೀಗದ ಕೈ ಕೊಟ್ಟು, ನಾಲ್ಕು ದಿನಕ್ಕೊಮ್ಮೆ ಕಿಟಕಿ ತೆಗೆದು ಒಂದು ಗಂಟೆ ಫ್ಯಾನು ಹಾಕಲು ಹೇಳಿ. ಬರುವಾಗ ಅವರಿಗೆ ಊರಿನ ಶೇಂಗಾ ಚಟ್ನಿಪುಡಿ, ಖಡಕ್ ರೊಟ್ಟಿ ತನ್ನಿ. ರೊಟ್ಟಿಯನ್ನು ಮಾತ್ರ ಕಾಗದದಲ್ಲಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಚೀಲ ಬಿಗಿದು ಕಟ್ಟಿಯೇ ಘಟ್ಟ ಇಳಿಸಿ, ಇಲ್ಲವಾದರೆ ಮನೆ ಮುಟ್ಟುವ ಹೊತ್ತಿಗೆ ಅದೂ ಮೆತ್ತಗಾಗಿರುತ್ತದೆ.